ತಲೆಕೆಳಗಾದ ಬಾವಿ

ವಿಜಯಪುರದ ಸೊಲ್ಲಾಪುರ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ನಮ್ಮ ಮನೆಯಿದೆ. ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಅದಕ್ಕೆ ಒಂದು ಕೆಂಪು ಹೆಂಟೆಯನ್ನು ಆನಿಸಿಟ್ಟಿದ್ದೇನೆ. ಬಂದವರು ಮೊದಲು ಅದನ್ನೇ ನೋಡುತ್ತಾರೆ. ನಮ್ಮ ಕಾಲೇಜಿನ ಸಿಪಾಯಿಯೊಬ್ಬ ಒಮ್ಮೆ ಕಾಗದ ಕೊಡಲು ಬಂದವನು, "ಮೇಡಂ, ಬೆಲ್ಲದ ಪೆಂಟಿ ನೆಲದ ಮ್ಯಾಲ ಇಟ್ಟೀರಲ್ರಿ, ಇರಬಿ ಹತ್ತೂದಿಲ್ಲೇನ್ರಿ?" ಎಂದು ಕೇಳಿದ. ಇರುವೆ ಹತ್ತುವುದಿಲ್ಲ. ಆದರೆ ನೆಲ ಒರೆಸಿದಾಗಲೆಲ್ಲ ಹೆಂಟೆಯ ಬುಡ ಸ್ವಲ್ಪ ಕರಗುತ್ತದೆ. ಬಿಳಿ ಫರಸಿಯ ಮೇಲೆ ಕೆಂಪು ಉಂಗುರವೊಂದು ಉಳಿಯುತ್ತದೆ. ತಂದಾಗ ಕುಂಬಳಕಾಯಿಯಷ್ಟಿದ್ದದ್ದು ಈಗ ಪೇರಲ ಹಣ್ಣಿನಷ್ಟಾಗಿದೆ. ಇನ್ನು ಕೆಲವು ತಿಂಗಳಿಗೆ ಬಾಗಿಲು ಮತ್ತೆ ಬಡಿದುಕೊಳ್ಳತೊಡಗುತ್ತದೆ.

ಇದು ಕಲ್ಲೋ ಮಣ್ಣೋ ಎಂದು ನೀವು ಕೇಳಿದರೆ, ಎರಡೂ ಪಕ್ಷಗಳ ಪರವಾಗಿ ಮಾತನಾಡಲು ನಾನು ಸಿದ್ಧಳಿದ್ದೇನೆ. ಕಾಲೇಜು ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಂದ ಕಪ್ಪುಗಳನ್ನು ಹೊತ್ತು ತಂದವಳು ನಾನು. ಚೀಟಿ ಎತ್ತಿದ ಮೇಲೆ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಒಣಗಿದ್ದಾಗ ಇದನ್ನು ಕಲ್ಲೆಂದು ಸಾಧಿಸಬಲ್ಲೆ: ಉಗುರು ಊರುವುದಿಲ್ಲ, ಬಡಿದರೆ ಸದ್ದು ಕೊಡುತ್ತದೆ. ಒಂದು ತಂಬಿಗೆ ನೀರು ಹನಿಸಿ ಮಣ್ಣೆಂದೂ ಸಾಧಿಸಬಲ್ಲೆ: ನೀರು ಕುಡಿದು, ಒಳಗಿನ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಬಿಟ್ಟು, ಹೆಂಟೆ ತನ್ನಷ್ಟಕ್ಕೆ ತಾನೇ ಸಡಿಲವಾಗುತ್ತದೆ. ಯಾವ ಪಕ್ಷ ಗೆದ್ದರೂ ನೆಲ ಒರೆಸಬೇಕಾದವಳು ಮಾತ್ರ ನಾನೇ.

ಈ ಹೆಂಟೆಯ ವಿಷಯವನ್ನು ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಈ ಶ್ರಾವಣದಲ್ಲಿ ನಮ್ಮ ನೀಲವ್ವ ಕಾಕಿ ತೀರಿಕೊಂಡಳು. ಬರೆಯಲು ಅವಳ ಮಗ ಮಲ್ಲಪ್ಪನೂ ಒಪ್ಪಿದ್ದಾನೆ. ಆದ್ದರಿಂದ ಹೇಳುತ್ತೇನೆ. ನೇರವಾಗಿ ಹೇಳುವ ಅಭ್ಯಾಸ ನನಗಿಲ್ಲ. ಸ್ವಲ್ಪ ಅಡ್ಡದಾರಿ ಹಿಡಿದರೆ ಸೈರಿಸಿಕೊಳ್ಳಿ.

ನಮ್ಮ ಊರು ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯ ಪಕ್ಕದಲ್ಲಿ, ಮಡ್ಡಿಯ ಮೇಲಿದೆ. ಮಡ್ಡಿಯೆಂದರೆ ಒಂದು ಗೇಣು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಅಲ್ಲಿ ಬೆಟ್ಟಗಳಿಲ್ಲ. ಮಕ್ಕಳಾಗಿದ್ದಾಗ ನಮಗೆ ಗೊತ್ತಿದ್ದ ಏಕೈಕ ಬೆಟ್ಟವೆಂದರೆ ನಮ್ಮ ಬಾವಿಯ ದಿಬ್ಬ. ಅಜ್ಜನ ಕಾಲದಲ್ಲಿ ಬಾವಿ ತೋಡಿದಾಗ ಹೊರಗೆ ಬಂದದ್ದನ್ನೆಲ್ಲ ಪಕ್ಕದಲ್ಲೇ ಸುರಿದಿದ್ದರು. ಬಾವಿ ಆಳವಾದಷ್ಟೂ ದಿಬ್ಬ ಎತ್ತರವಾಗಿತ್ತು. ಮಳೆ ನಿಂತ ಮರುದಿನ ಅದರ ನೆತ್ತಿಯ ಮೇಲೆ ನಿಂತರೆ, ದೂರದಲ್ಲಿ ಗೋಳಗುಮ್ಮಟ ಮಗುಚಿಟ್ಟ ಬೋಗುಣಿಯಂತೆ ಕಾಣುತ್ತಿತ್ತು. ಕಂಡವರು ಕೂಗಬೇಕು, ಕಾಣದವರು ಸುಳ್ಳೆನ್ನಬೇಕು. ಇದು ನಮ್ಮ ಆಟ.

ಆ ದಿಬ್ಬವೇ ನನ್ನ ಮೊದಲ ಭೂಗೋಳದ ಪುಸ್ತಕ. ಕಾಲು ಜಾರಿ ಜಾರಿ ಹತ್ತುವಾಗ ಎಲ್ಲವನ್ನೂ ಮುಟ್ಟಿ ನೋಡಿದ್ದೆ: ಬುಡದಲ್ಲಿ ಕಪ್ಪು ಮಣ್ಣು, ಅದರ ಮೇಲೆ ಹಳದಿ ಗರಸು, ಅದರ ಮೇಲೆ ಕರಿಕಲ್ಲಿನ ಬಂಡೆಚೂರು, ಅದರ ಮೇಲೆ ಕೆಂಪು, ನೆತ್ತಿಯಲ್ಲಿ ಮತ್ತೆ ಕರಿಕಲ್ಲು. ಸಾಲೆಯಲ್ಲಿ ಮಾಸ್ತರರು, "ಭೂಮಿಯ ಪದರಗಳನ್ನು ಮೇಲಿನಿಂದ ಕೆಳಗೆ ಹೇಳು" ಎಂದಾಗ ನಾನು ಎದ್ದು ನಿಂತು, ಎಲ್ಲಕ್ಕಿಂತ ಮೇಲೆ ಕರಿಕಲ್ಲು, ಎಲ್ಲಕ್ಕಿಂತ ಕೆಳಗೆ ಮಣ್ಣು ಎಂದು ಸ್ಪಷ್ಟ ದನಿಯಲ್ಲಿ ಹೇಳಿದೆ. ಮಾಸ್ತರರು ನಕ್ಕು, "ಹಂಗಾದ್ರ ಜ್ವಾಳ ಎಲ್ಲಿ ಬಿತ್ತತೀರಿ ಬೇ, ಪಾತಾಳದಾಗ?" ಎಂದರು. ನಾನು ಬಿಡಲಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ, ಬೇಕಾದರೆ ಬಂದು ನೋಡಿ ಎಂದು ವಾದಿಸಿದೆ. ಕೈಗೆ ಬೆತ್ತದ ಪೆಟ್ಟು ಬಿತ್ತು. ಬಾವಿಯ ಪಕ್ಕದಲ್ಲಿ ಬೆಳೆದವರಿಗಷ್ಟೇ ಸಾಧ್ಯವಾಗುವ ತಪ್ಪು ಅದು. ದಿಬ್ಬವೆಂದರೆ ತಲೆಕೆಳಗಾಗಿ ನಿಂತ ಬಾವಿ. ಮೊದಲು ತೆಗೆದದ್ದು ಬುಡದಲ್ಲಿ, ಕೊನೆಗೆ ತೆಗೆದದ್ದು ನೆತ್ತಿಯಲ್ಲಿ. ಭೂಮಿಯನ್ನು ನಾನು ಕಲಿತದ್ದೇ ತಲೆಕೆಳಗಾಗಿ.

ನೀಲವ್ವ ಕಾಕಿ ಬಂದದ್ದು ಬಬಲೇಶ್ವರದ ಕಡೆಯಿಂದ, ಡೋಣಿ ಹೊಳೆಯ ಎರೆಭೂಮಿಯಿಂದ. ಆ ಸೀಮೆಯಲ್ಲಿ ಮಣ್ಣು ಆಳ. ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮನೆಯ ಗೋಡೆಗಳನ್ನು ಸೀಳುತ್ತದೆ. ಎರೆಯವರಿಗೂ ಮಡ್ಡಿಯವರಿಗೂ ಬೀಗತನ ನಡೆದಾಗಲೆಲ್ಲ ಹಂದರದಲ್ಲಿ ಜಗಳದಂತಹ ನಗೆ. ಸಂಗಪ್ಪ ಕಾಕಾನ ಮದುವೆಯ ದಿನ ಹೆಣ್ಣಿನ ಕಡೆಯ ಮುದುಕಿಯೊಬ್ಬಳು, "ನಿಮ್ಮೂರಾಗ ಹೊಲಕ್ಕ ನೇಗಿಲಾ ಹೂಡತೀರೋ, ಸುತ್ತಿಗಿ ಹೂಡತೀರೋ?" ಎಂದು ನಮ್ಮಜ್ಜಿಯನ್ನು ಕೆಣಕಿದಳಂತೆ. ನಮ್ಮಜ್ಜಿ ಎಲೆಯಡಿಕೆ ಮೆಲ್ಲುತ್ತ, "ನಿಮ್ಮೂರಾಗ ಮಳಿಗಾಲದಾಗ ಚಪ್ಪಲಿ ಕಾಲಾಗ ಇರತಾವೋ, ಹೊಲದಾಗ ಇರತಾವೋ ಬೇ?" ಎಂದಳಂತೆ. ಕಾಕಿ ಮುದುಕಿಯಾದ ಮೇಲೂ ಈ ಮಾತುಗಳನ್ನು ಎರಡೂ ದನಿಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದಳು. ಕಡೆಗೆ ಒಂದು ಮಾತು ಸೇರಿಸುತ್ತಿದ್ದಳು: "ಕಲ್ಲ ಅಂದ್ರ ಏನಂತ ನನಗ ಗೊತ್ತಿರಲಿಲ್ಲವ್ವಾ. ನಿಮ್ಮ ಕಾಕಾ ತೋರಿಸಿದ."

ತೋರಿಸಿದ್ದು ಹೌದು. ಕಾಕಾನಿಗೆ ಬಾವಿಯೇ ಮಾತು, ಬಾವಿಯೇ ಧ್ಯಾನ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಸ ಹೆಂಡತಿಯನ್ನು ದಂಡೆಗೆ ಕರೆದೊಯ್ದು ಗೋಡೆಯ ಪದರಗಳನ್ನು ಬೆರಳು ಮಾಡಿ ಪರಿಚಯಿಸಿದ್ದನಂತೆ, ಮನೆಯ ಹಿರಿಯರನ್ನು ಪರಿಚಯಿಸಿದ ಹಾಗೆ. ನಡುವಿನ ಆ ಕೆಂಪು ಪಟ್ಟಿಯನ್ನು ನಮ್ಮವರು 'ಕೆಂಪು' ಎಂದಷ್ಟೇ ಕರೆಯುತ್ತಾರೆ. ತೋಡುವವರು ಅದನ್ನು ಕಂಡರೆ ಕಾಯಿ ಒಡೆಯುತ್ತಿದ್ದರು. ಏಕೆಂದರೆ ಮೇಲಿನಿಂದ ಬಸಿದ ನೀರು ಕೆಂಪನ್ನು ದಾಟಲಾರದೆ ಅದರ ನೆತ್ತಿಯ ಮೇಲೆ ಸೆಲೆಯಾಗಿ ಹೊರಬೀಳುತ್ತದೆ.

ಅದರ ಹುಟ್ಟನ್ನು ನಾನು ಪುಸ್ತಕಗಳಿಂದ ತಿಳಿದದ್ದು ಬಹಳ ತಡವಾಗಿ. ನಮ್ಮ ಸೀಮೆಯೆಲ್ಲ ಒಂದು ಕಾಲಕ್ಕೆ ಕರಗಿದ ಕಲ್ಲಿನ ಪ್ರವಾಹ. ಒಂದು ಹರಿದು ಆರಿತು. ಎಷ್ಟೋ ಕಾಲ ಬಿಡುವು. ಆ ಬಿಡುವಿನಲ್ಲಿ ಬಿಸಿಲು ಮಳೆಗೆ ಕಲ್ಲಿನ ಮೈ ಸವೆದು ಮಣ್ಣಾಯಿತು. ಆಮೇಲೆ ಇನ್ನೊಂದು ಪ್ರವಾಹ ಬಂದು ಅದನ್ನು ಹೂತು, ಸುಟ್ಟು, ಇಟ್ಟಿಗೆಯಂತೆ ಕೆಂಪಾಗಿಸಿತು. ಕೆಂಪೆಂದರೆ ಎರಡು ಬೆಂಕಿಗಳ ನಡುವೆ ಹೂತುಹೋದ ಒಂದು ಹೊಲ. ಮಡ್ಡಿ, ಇಳಿಜಾರು, ಎರೆ ಎಂಬ ನಮ್ಮ ಸೀಮೆಯ ಮೆಟ್ಟಿಲುಗಳೆಲ್ಲ ಈ ಪ್ರವಾಹಗಳ ಗಟ್ಟಿ ಮತ್ತು ಮೆದು ಪದರಗಳಿಂದಲೇ ಆದವು. ಗಟ್ಟಿಯದು ನಿಂತು ಮಡ್ಡಿಯಾಯಿತು, ಮೆದುವಾದದ್ದು ಸವೆದು ತಗ್ಗಿಗೆ ಹೋಗಿ ಎರೆಯಾಯಿತು. ತಿಕೋಟಾದ ದ್ರಾಕ್ಷಿ ತೋಟಗಳು ನಿಂತಿರುವುದು ಉಳಿದದ್ದರ ಮೇಲೆ, ಬಬಲೇಶ್ವರದ ಜೋಳ ನಿಂತಿರುವುದು ಹೋದದ್ದರ ಮೇಲೆ.

ನಾನು ಪದವಿಯ ಓದಿನಲ್ಲಿದ್ದಾಗ, ಒಂದು ಬೇಸಿಗೆಯಲ್ಲಿ, ಕಾಕಾ ಹೂಳೆತ್ತಲು ಬಾವಿಗೆ ಇಳಿದ. ವರ್ಷವರ್ಷವೂ ನೀರು ಏರಿ ಇಳಿದು, ಕೆಂಪು ನೆನೆದು ಒಣಗಿ ಉದುರಿ ಉದುರಿ, ಅದರ ಮೇಲಿನ ಕರಿಕಲ್ಲು ಆಧಾರವಿಲ್ಲದ ಚಾವಣಿಯಂತೆ ಮುಂದೆ ಚಾಚಿಕೊಂಡಿತ್ತು. ಎಲ್ಲರೂ ಅದನ್ನು ನೋಡಿದ್ದರು, ಎಲ್ಲರೂ ಅದರ ನೆರಳಿನಲ್ಲಿ ಕುಳಿತು ಬುತ್ತಿ ಉಂಡಿದ್ದರು. ಅಂದು ಅದು ಕಳಚಿತು. ದಂಡೆಯ ಮೇಲೆ ಭಾರ ಎಳೆಯುವ ಯಾರಿ ಹೂಡಿ ಬುಟ್ಟಿ ಬುಟ್ಟಿಯಾಗಿ ಕೆಂಪು ಕೆಸರನ್ನೂ ಕಲ್ಲಿನ ಚೂರನ್ನೂ ಮೇಲೆಳೆದರು. ಎಳೆದದ್ದನ್ನೆಲ್ಲ ದಿಬ್ಬದ ಮೇಲೆಯೇ ಸುರಿದರು. ದೊಡ್ಡ ಬಂಡೆ ಮಾತ್ರ ಅಲುಗಲಿಲ್ಲ. ಸೆಲೆಗಳು ತಮ್ಮ ಕೆಲಸ ನಿಲ್ಲಿಸಲಿಲ್ಲ. ನೀರು ಏರಿ ಬಂಡೆಯನ್ನು ಮುಚ್ಚಿತು. ಹಿರಿಯರು ಕೂಡಿ, ಸಂಗಪ್ಪ ಅಲ್ಲೇ ಐಕ್ಯನಾದ ಎಂದು ತೀರ್ಮಾನಿಸಿದರು. ಮಲ್ಲಪ್ಪ ಆಗ ಕೂಸು.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟು, ಪೂಜೆಗೆ ಕುಳಿತವರಂತೆ ಸಮಾಧಿಯಲ್ಲಿ ಕೂರಿಸುತ್ತಾರೆ. ಕಾಕಿಗೆ ಬೇರೆ ಯಾವ ದೂರೂ ಇರಲಿಲ್ಲ. ಮಗನನ್ನು ಬೆಳೆಸಿದಳು, ಮಡ್ಡಿಯಲ್ಲಿ ದ್ರಾಕ್ಷಿ ನಿಲ್ಲಿಸಿದಳು, ಸೊಸೆಯೊಂದಿಗೆ ಜಗಳವಾಡದೆ ಬದುಕಿದಳು. ಆದರೆ ಯಾರ ಮಣ್ಣಿಗೆ ಹೋಗಿ ಬಂದರೂ ಕಾಲು ತೊಳೆಯುವ ಮೊದಲು ಒಂದೇ ಮಾತು: "ಎಲ್ಲಾರೂ ಕುಂತ ಹ್ವಾದ್ರು. ಅವ್ರೊಬ್ರ ಬಿದ್ದಾರ."

ನಾನು ಅಷ್ಟರಲ್ಲಿ ಸಮಾಜ ಸುಧಾರಕಿಯಾಗಿದ್ದೆ. ನಗಬೇಡಿ, ಕರಪತ್ರಗಳಲ್ಲಿ ಹಾಗೆಯೇ ಅಚ್ಚಾಗುತ್ತಿತ್ತು. ಸರಳ ವಿವಾಹ, ಸರಳ ಅಂತ್ಯಕ್ರಿಯೆ, ನೇತ್ರದಾನ, ದೇಹದಾನ ಎಂದು ಊರೂರು ತಿರುಗಿ ಭಾಷಣ ಮಾಡುತ್ತಿದ್ದೆ. ತೊರವಿಯಲ್ಲಿ ಒಮ್ಮೆ ದೇಹದಾನದ ಬಗ್ಗೆ ಆವೇಶದಿಂದ ಮಾತನಾಡಿ ಇಳಿದಾಗ, ಮುಂದಿನ ಸಾಲಿನ ಅಜ್ಜನೊಬ್ಬ, "ಛಲೋ ಮಾತಾಡಿದ್ರಿ. ಆದ್ರ ಅವಸರ ಮಾಡಬ್ಯಾಡ್ರಿ, ನಾ ಇನ್ನಾ ಇದ್ದೇನಿ" ಎಂದಿದ್ದ. ಸತ್ತ ದೇಹ ಕುಳಿತರೇನು, ಮಲಗಿದರೇನು, ಬದುಕಿದವರಿಗೆ ಉಪಯೋಗವಾಗಲಿ ಎಂಬುದು ನನ್ನ ಪಕ್ಷ. ಆ ಪಕ್ಷವನ್ನು ನಾನು ಚೀಟಿ ಎತ್ತಿ ಆರಿಸಿಕೊಂಡದ್ದಲ್ಲ, ನಂಬಿದ್ದೆ. ಈಗಲೂ ನಂಬುತ್ತೇನೆ.

ಕಳೆದ ವರ್ಷದ ಬೇಸಿಗೆಗೆ ಮುಂಚೆ ಕಾಕಿ ಮೊದಲ ಬಸ್ಸಿಗೆ ಹೊರಟು ನಮ್ಮ ಮನೆಗೆ ಬಂದಳು. ಚಹಾ ಮುಟ್ಟಲಿಲ್ಲ.

"ಮಲ್ಲು ಬಾವಿ ಮುಚ್ಚಾಂವ ಅದಾನ ಸುಮಾ," ಎಂದಳು. "ಕಾಲುವಿ ನೀರು ಬಂತು, ಇನ್ನ ಬಾವಿ ಯಾಕ ಅಂತಾನ. ಹುಡುಗೂರು ಬೇಲಿ ಹಾರಿ ಅಲ್ಲೇ ಆಡತಾವು, ಅದೂ ಖರೆ. ಮುಚ್ಚಲಿ. ಬ್ಯಾಡ ಅನ್ನೂದಿಲ್ಲ. ಆದ್ರ ಅವರನ್ನ ಒಮ್ಮೆ ತಗದು ಕುಂದ್ರಿಸಿ ಆಮ್ಯಾಲ ಮುಚ್ಚಲಿ. ಮುಚ್ಚಿದ ಮ್ಯಾಲ ಯಾರು ತಗೀತಾರ?"

"ಅವನಿಗೆ ಹೇಳಿದೆಯಾ, ಕಾಕಿ?"

"ಹೇಳಿದೆ. ಇಷ್ಟ ವರ್ಷ ಆದ ಮ್ಯಾಲ ಏನ ಉಳದಿರತೈತಬೇ ಅಂದ. ನನಗ ಉತ್ತರ ಬರಲಿಲ್ಲ. ನಿನಗ ಮಾತಾಡಾಕ ಬರತೈತಿ. ನೀ ಬಾ."

ಹೀಗೆ ಜೀವಮಾನದಲ್ಲಿ ಮೊದಲ ಬಾರಿಗೆ, ನಾನು ನಂಬದ ಪಕ್ಷದ ಪರವಾಗಿ ನನ್ನ ಸ್ವಂತ ಮನೆಯವರೊಂದಿಗೆ ವಾದಿಸಬೇಕಾಯಿತು.

ಮಲ್ಲಪ್ಪ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಜಾಳಿಗೆಗಳನ್ನು ಬಿಗಿಯುತ್ತಿದ್ದ. ನನ್ನನ್ನು ಕಂಡೊಡನೆ ನಕ್ಕ.

"ಬಾ ಅಕ್ಕಾ. ಅವ್ವ ವಕೀಲರನ್ನ ಕರಸ್ಯಾಳ ಅಂದ್ರ ಕೇಸು ದೊಡ್ಡದ ಆತು."

"ವಕೀಲಿಕೆಗೆ ಬಂದಿಲ್ಲ. ಮಾತನಾಡಲು ಬಂದಿದ್ದೇನೆ."

"ಹಂಗಾದ್ರ ನಂದೊಂದ ಪ್ರಶ್ನಿ. ಸತ್ತ ಮ್ಯಾಲ ದೇಹ ದವಾಖಾನಿಗೆ ಕೊಡ್ರಿ, ಮಣ್ಣಿಗೆ ಕೊಡಬ್ಯಾಡ್ರಿ ಅಂತ ಊರೆಲ್ಲಾ ಡಂಗುರಾ ಹೊಡದಾಕಿ ನೀನ. ಈಗ ನಮ್ಮಪ್ಪನ್ನ ಎಬ್ಬಿಸಿ ಕುಂದ್ರಿಸು ಅಂತೀಯೇನ?"

ಪೆಟ್ಟು ಸರಿಯಾಗಿಯೇ ಬಿತ್ತು. ಆದರೆ ಕಪ್ಪು ಗೆದ್ದವರು ಪೆಟ್ಟಿಗೆ ಹೆದರುವುದಿಲ್ಲ. ಪ್ರಶ್ನೆ ಸತ್ತವನದಲ್ಲ, ಬದುಕಿರುವವಳದು ಎಂದೆ. ಅವನಿಗೆ ಏನೂ ಬೇಕಿಲ್ಲ, ಅವಳಿಗೆ ಒಂದೇ ಒಂದು ಬೇಕು ಎಂದೆ. ಬದುಕಿರುವವರ ಮನಸ್ಸಿಗೆ ನೆಮ್ಮದಿ ಕೊಡದ ಸುಧಾರಣೆ ಯಾವ ಸುಧಾರಣೆ ಎಂದೂ ಕೇಳಿದೆ. ನಿನ್ನ ಮಕ್ಕಳ ಸಲುವಾಗಿ ಬಾವಿ ಮುಚ್ಚುತ್ತೀಯೆ, ನಿನ್ನ ತಾಯಿಯ ಸಲುವಾಗಿ ಅದನ್ನು ಒಮ್ಮೆ ತೆರೆ ಎಂದೆ. ಈ ಕೊನೆಯ ವಾಕ್ಯ ಚೆನ್ನಾಗಿತ್ತು. ಹೇಳುವಾಗಲೇ ನನಗೆ ಅದು ತಿಳಿದಿತ್ತು.

ಮಲ್ಲಪ್ಪ ಜಾಳಿಗೆಯ ಗಂಟನ್ನು ಎಳೆದು ಬಿಗಿದ. "ಆತು," ಎಂದ. "ನಿನ್ನ ಕೂಡ ಮಾತಾಡಿ ಯಾರ ಗೆದ್ದಾರ?"

ನಾನು ಗೆದ್ದೆ. ಆದರೆ ಆ ಸುದ್ದಿ ಬಾವಿಯ ಗೋಡೆಗೆ ತಲುಪಲಿಲ್ಲ.

ನೀರನ್ನು ಮೋಟಾರು ಹಚ್ಚಿ ಹೊರಹಾಕಿದರು. ತೊರವಿಯ ಇಸ್ಮಾಯಿಲ್ ತನ್ನ ಕ್ರೇನ್ ತಂದು ದಂಡೆಯ ಮೇಲೆ ನಿಲ್ಲಿಸಿದ. ಕೆಳಗೆ ಇಣುಕಿದವನು ಹಿಂದೆ ಸರಿದು ಕಾಕಿಯ ಕಡೆ ತಿರುಗಿ, "ದೊಡ್ಡವ್ವಾರ, ನಮ್ಮ ಕ್ರೇನಿಗೆ ಕಲ್ಲು ಎತ್ತಾಕ ಬರತೈತ್ರಿ. ಮನಷ್ಯಾರನ್ನ ಇಳಸು ಅಂದ್ರ ಅಂಜತೈತ್ರಿ" ಎಂದ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ನೀರಿಳಿದ ಗೋಡೆಯಲ್ಲಿ ಕೆಂಪು ಹಸಿ ಗಾಯದಂತೆ ತೊಟ್ಟಿಕ್ಕುತ್ತಿತ್ತು. ಅದರ ಮೇಲೆ ಕರಿಕಲ್ಲು ಮತ್ತೆ ಚಾಚಿಕೊಂಡಿತ್ತು, ಮೊದಲಿಗಿಂತ ಉದ್ದವಾಗಿ. ತಳದಲ್ಲಿ ಹೂಳು. ಹೂಳಿನ ನಡುವೆ ಆ ಹಳೆಯ ಬಂಡೆಯ ಬೆನ್ನು.

ಕೂಲಿಯವರು ಇಳಿಯಲು ಒಪ್ಪಿದರೂ ಮಲ್ಲಪ್ಪ ಬಿಡಲಿಲ್ಲ. "ಬ್ಯಾರೇವರ ಮಕ್ಕಳನ್ನ ನಾ ಇಳಸೂದಿಲ್ಲ. ನಮ್ಮಪ್ಪನ್ನ ಹುಡಕೂದು ನಾನ" ಎಂದು ಟವೆಲ್ಲನ್ನು ತಲೆಗೆ ಸುತ್ತಿ ಕ್ರೇನಿನ ಬಕೆಟ್ಟಿನೊಳಗೆ ನಿಂತ. ಹೀಗಾಗುತ್ತದೆಂದು ನನ್ನ ಯಾವ ವಾಕ್ಯದಲ್ಲಿಯೂ ಇರಲಿಲ್ಲ.

ಕೆಲವು ದಿನ ಹೂಳನ್ನು ಎತ್ತಿದರು. ಆಮೇಲೆ ಬಂಡೆ ಒಡೆಯುವ ಕೆಲಸ ಸುರುವಾಯಿತು. ಆ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಕಾಕಿಯೂ ನಾನೂ ದಿಬ್ಬದ ನೆತ್ತಿಯಲ್ಲಿ ಕೊಡೆ ಹಿಡಿದು ಕುಳಿತಿದ್ದೆವು. ಅಲ್ಲಿಂದ ಬಾವಿಯ ತಳ ಕಾಣದು, ಎದುರಿನ ಗೋಡೆ ಮಾತ್ರ ಕಾಣುತ್ತದೆ. ಒಡೆಯುವ ಯಂತ್ರದ ಸದ್ದು ಕೆಳಗಿನಿಂದ ಬಂದಾಗಲೆಲ್ಲ ಎದುರಿನ ಕೆಂಪಿನಿಂದ ಸಣ್ಣ ಸಣ್ಣ ಹೆಂಟೆಗಳು ಉದುರುತ್ತಿದ್ದವು. ಒಂದು. ಸುಮ್ಮನೆ. ಮತ್ತೊಂದು. ಕಾಕಿ ಬಾವಿಯನ್ನು ನೋಡುತ್ತಿರಲಿಲ್ಲ, ಆ ಉದುರುವಿಕೆಯನ್ನು ನೋಡುತ್ತಿದ್ದಳು.

"ಅವತ್ತೂ ಹಿಂಗ ಉದರಾಕತ್ತಿತ್ತು," ಎಂದಳು.

"ನಿಲ್ಲಿಸೋಣವೇ ಕಾಕಿ?"

"ಮಲ್ಲ್ಯಾ!" ಎಂದು ಅವಳು ಕೂಗಿದಳು. "ಸಾಕ, ಮ್ಯಾಲ ಬಾ!"

ಇಸ್ಮಾಯಿಲ್ ದಂಡೆಯಿಂದ ಆ ಕೂಗನ್ನು ಕೆಳಕ್ಕೆ ದಾಟಿಸಿದ. ಕೆಳಗಿನಿಂದ ಉತ್ತರವನ್ನು ಮೇಲಕ್ಕೆ ದಾಟಿಸಿದ: "ಬಂಡಿಗಲ್ಲ ಬಿರಿದೈತಂತ್ರಿ. ಇನ್ನೊಂದ ಚೂರ. ಅಪ್ಪ ಸಿಗೂತನಾ ಬರೂದಿಲ್ಲ ಅಂತಾರ್ರಿ."

ಯಂತ್ರ ಮತ್ತೆ ಸದ್ದು ಮಾಡಿತು. ಈ ಸಲ ಉದುರಿದ್ದು ತೆಂಗಿನಕಾಯಿಯಷ್ಟು ದೊಡ್ಡದು.

ಕಾಕಿ ನನ್ನ ಪಕ್ಕದಲ್ಲಿದ್ದ ಕುಡಿಯುವ ನೀರಿನ ತಂಬಿಗೆಯನ್ನು ಎತ್ತಿಕೊಂಡಳು. ಬಾಯಾರಿದೆಯೆಂದುಕೊಂಡೆ. ಅವಳು ಕಾಲಬಳಿಯ ಕೆಂಪು ಹೆಂಟೆಯ ಮೇಲೆ ನೀರು ಸುರಿದಳು. ಸೆರಗಿನೊಳಗೆ ಕೈ ಹಾಕಿ ಕೊರಳಿನಿಂದ ತನ್ನ ಬೆಳ್ಳಿಯ ಕರಡಿಗೆಯನ್ನು ತೆಗೆದಳು. ಅದರೊಳಗೆ ಅವಳ ಲಿಂಗ. ನಮ್ಮಲ್ಲಿ ಉಸಿರಿರುವವರೆಗೂ ಅದನ್ನು ಮೈಯಿಂದ ಅಗಲಿಸುವಂತಿಲ್ಲ. ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ನೆನೆದ ಹೆಂಟೆಯ ಮೇಲೆ ಕರಡಿಗೆಯನ್ನು ತಿರುವಿ ತಿರುವಿ ಉಜ್ಜಿದಳು, ಬೆಳ್ಳಿ ಕಾಣದಾಗುವ ತನಕ. ನಾನು ಬಾಯಿ ತೆರೆದೆ.

"ನೀ ಏನೂ ನೋಡಿಲ್ಲ ಬೇ," ಎಂದಳು ನನ್ನ ಕಡೆ ತಿರುಗದೆ. ಸೆರಗನ್ನು ಕೊರಳ ಸುತ್ತ ಬಿಗಿದು ಎದ್ದು ನಿಂತಳು. ಮಡ್ಡಿಯೆಲ್ಲ ಕೇಳುವಂತೆ ಕೂಗಿದಳು: "ಮಲ್ಲ್ಯಾ! ಮ್ಯಾಲ ಬಾರೋ ಯಪ್ಪಾ! ನಿಮ್ಮಪ್ಪ ಸಿಕ್ಕಾನ! ಇಲ್ಲೇ ದಿಬ್ಬದಾಗ ಅದಾನ!"

ಯಂತ್ರ ನಿಂತಿತು. ಬಕೆಟ್ಟು ಮೇಲೆ ಬಂತು. ಮಲ್ಲಪ್ಪ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದ. ಕಾಕಿ ಅಂಗೈ ಚಾಚಿ ತೋರಿಸಿದಳು. "ಅವತ್ತ ಕೆಸರಿನ ಕೂಡ ಮ್ಯಾಲ ಬಂದೈತಿ. ಯಾರೂ ನೋಡಿಲ್ಲ. ಇಷ್ಟ ದಿನ ಇಲ್ಲೇ, ನಮ್ಮ ಕಣ್ಣ ಮುಂದ ಇತ್ತು. ಲಿಂಗ ಇಲ್ಲೈತಿ ಅಂದ್ರ ಅವ್ರೂ ಇಲ್ಲೇ ಅದಾರ. ಇದನ್ನ ಕುಂದ್ರಸೂಣು. ಇನ್ನ ಕೆಳಗ ಹುಡಕೂದು ಬ್ಯಾಡ."

ಮಲ್ಲಪ್ಪ ಅಂಗೈಯನ್ನು ನೋಡಿದ. ತಾಯಿಯ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದನೆಂದು ನನಗೆ ಆಗ ಅನಿಸಲಿಲ್ಲ. "ಹೌದವ್ವಾ," ಎಂದ. "ಅಪ್ಪಂದ." ಅಷ್ಟು ಹೇಳಿ ನೆಲದ ಮೇಲೆ ಕುಳಿತುಬಿಟ್ಟ. ಇಸ್ಮಾಯಿಲ್ ಟೊಪ್ಪಿಗೆ ತೆಗೆದು ನಿಂತ.

ಅಂದು ಆ ಕರಿಕಲ್ಲು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಅವನು ಕೆಳಗೇ ಇದ್ದಿದ್ದರೆ ಬೀಳುತ್ತಿತ್ತೇ ಎಂಬ ವಿಷಯದ ಮೇಲೆ ನಾನು ಇಂದಿಗೂ ಎರಡೂ ಪಕ್ಷಗಳಿಂದ ಮಾತನಾಡಬಲ್ಲೆ.

ಬೆಳಿಗ್ಗೆ ಊರ ಅಯ್ಯನವರು ಬಂದರು. ಕರಡಿಗೆಯನ್ನು ತೆರೆದು ನೋಡಲು ಹೋದಾಗ ಕಾಕಿ ತಡೆದಳು: "ತೆರೀಬ್ಯಾಡ್ರಿ ಅಯ್ನಾರ. ಇಷ್ಟ ದಿನ ಮಣ್ಣಾಗ ಇದ್ದದ್ದು, ಗಾಳಿ ಬಡದ್ರ ಪುಡಿ ಆಕ್ಕೈತಿ." ಅಯ್ಯನವರು ಒಪ್ಪಿದರು. ಒಂದು ಬುಟ್ಟಿಯಲ್ಲಿ ವಿಭೂತಿ, ಪತ್ರಿ, ಅವುಗಳ ನಡುವೆ ಕರಡಿಗೆ. ಬುಟ್ಟಿಯನ್ನು ಕ್ರೇನಿನಿಂದ ಮೆಲ್ಲಗೆ ಕೆಳಗಿಳಿಸಿ ಬಂಡೆಯ ಬೆನ್ನ ಮೇಲೆ ಕೂರಿಸಿದರು.

ಆಮೇಲೆ ಜೆಸಿಬಿ ದಿಬ್ಬವನ್ನು ಬಾವಿಗೆ ತಳ್ಳತೊಡಗಿತು. ಮೊದಲು ನೆತ್ತಿಯ ಮೇಲೆ ಸುರಿದಿದ್ದ ಹೂಳು, ಅದರ ಹಿಂದೆಯೇ ಕರಿಕಲ್ಲು ತಳಕ್ಕೆ ಹೋಯಿತು. ಅದರ ಮೇಲೆ ಕೆಂಪು, ಕೆಂಪಿನ ಮೇಲೆ ಮತ್ತೆ ಕರಿಕಲ್ಲು, ಆಮೇಲೆ ಗರಸು. ಅಜ್ಜ ಮೊದಲ ದಿನ ತೋಡಿ ತೆಗೆದಿದ್ದ ಆ ಒಂದು ಗೇಣು ಕಪ್ಪು ಮಣ್ಣು ಎಲ್ಲಕ್ಕಿಂತ ಕಡೆಗೆ, ಎಲ್ಲಕ್ಕಿಂತ ಮೇಲೆ ಬಂದು ಬಿತ್ತು. ತಲೆಕೆಳಗಾಗಿ ನಿಂತಿದ್ದ ಬಾವಿ ಕಣ್ಣೆದುರಿಗೇ ನೆಟ್ಟಗಾಯಿತು. ಮಾಸ್ತರರು ಕೇಳಿದ ಪ್ರಶ್ನೆಗೆ ಸರಿಯುತ್ತರ. ಸಂಜೆಗೆ ಅಲ್ಲಿ ಬಾವಿಯೂ ಇರಲಿಲ್ಲ, ದಿಬ್ಬವೂ ಇರಲಿಲ್ಲ. ಗೋಳಗುಮ್ಮಟ ನಮ್ಮ ಹೊಲದಿಂದ ಇನ್ನೆಂದೂ ಕಾಣುವುದಿಲ್ಲ. ಯಂತ್ರ ತಲುಪುವ ಮೊದಲು ನಾನು ಒಂದು ಹೆಂಟೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದೆ. ಅದರ ಒಂದು ಮಗ್ಗುಲು ಉಜ್ಜಿ ಉಜ್ಜಿ ನುಣುಪಾಗಿತ್ತು. ಅಲ್ಲಿಯೇ ಬಿಟ್ಟಿದ್ದರೂ ನಡೆಯುತ್ತಿತ್ತು. ಬಿಡಲು ಭಯವಾಯಿತು.

ಕೆದಕಿದ ನೆಲ ಮೊದಲಿನ ನೆಲವಾಗುವುದಿಲ್ಲ. ಮಳೆಗಾಲದಲ್ಲಿ ಬಾವಿಯಿದ್ದ ಜಾಗ ತಗ್ಗಿತು, ಅಂಗಳದಷ್ಟು ಅಗಲಕ್ಕೆ ನೀರು ನಿಂತಿತು. ಕಾಕಿ ತವರಿನಿಂದ ಎರೆಮಣ್ಣು ತರಿಸಿ ತಾನೇ ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಳು. "ಇಲ್ಲಿಯ ಮಣ್ಣು ಕಡಿಮಿ ಸುಮಾ, ಸಾಲೂದಿಲ್ಲ" ಎನ್ನುತ್ತಿದ್ದಳು. ಬೇರೆ ಲಿಂಗವನ್ನು ಕಟ್ಟಿಸಿಕೊ ಎಂದು ಒಮ್ಮೆ ಹೇಳಿದೆ. "ಅಯ್ನಾರು ಕೇಳತಾರ, ಮೊದಲಿಂದು ಎಲ್ಲಿ ಹೋತು ಅಂತ. ಅವ್ರ ಮುಂದ ಸುಳ್ಳು ಹೇಳಲ್ಯಾ? ಮಲ್ಲುನ ಮುಂದ ಹೇಳಿದ್ದು ಒಂದ ಸಾಕು" ಎಂದಳು. ಸೆಕೆಯಲ್ಲೂ ಸೆರಗನ್ನು ಕೊರಳಿನಿಂದ ಸಡಿಲಿಸಲಿಲ್ಲ. ಗಂಡನ ಅಂಗೈಯಲ್ಲಿ ಲಿಂಗವಿಲ್ಲವೆಂದು ಜೀವಮಾನವೆಲ್ಲ ಕೊರಗಿದವಳು ತನ್ನ ಅಂಗೈಯನ್ನು ಬರಿದು ಮಾಡಿಕೊಂಡು ಹೊರಡುವ ದಿನವನ್ನು ಕಾಯುತ್ತಿದ್ದಳು.

ಆ ದಿನ ಈ ಶ್ರಾವಣದಲ್ಲಿ ಬಂತು. ಬಾವಿಯಿದ್ದ ಜಾಗದ ಪಕ್ಕದಲ್ಲಿಯೇ ಸಮಾಧಿ ತೋಡಿದ್ದರು. ಕಾಕಿಯನ್ನು ಕುಳ್ಳಿರಿಸಿದರು. ಅಯ್ಯನವರು ಎಡಗೈಯನ್ನು ಮಡಿಲಲ್ಲಿ ತೆರೆದಿಟ್ಟು, ಲಿಂಗವನ್ನು ತೆಗೆಯಲೆಂದು ಸೆರಗನ್ನು ಸರಿಸಿದರು. ಕೊರಳು ಬರಿದಾಗಿತ್ತು. ಸುತ್ತ ನಿಂತವರಲ್ಲಿ ಒಂದು ಗುಸುಗುಸು ಹುಟ್ಟಿ ಬೆಳೆಯುವಷ್ಟರಲ್ಲಿ ನಾನು ಏನಾದರೂ ಹೇಳಬೇಕೆಂದು ಮುಂದೆ ಬಂದೆ.

"ಆಕೀದು ನನ್ನ ಕಡೆ ಐತ್ರಿ," ಎಂದ ಮಲ್ಲಪ್ಪ. ಸಮಾಧಿಯ ಅಂಚಿನಲ್ಲಿ ಮೊಣಕಾಲೂರಿ, ತನ್ನ ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಬಿಚ್ಚಿ, ತನ್ನ ಲಿಂಗವನ್ನು ತಾಯಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದ. ಅಯ್ಯನವರು ಅವನ ಮುಖವನ್ನು ನೋಡಿ ಮಂತ್ರ ಮುಂದುವರಿಸಿದರು.

ಜನ ಕರಗಿದ ಮೇಲೆ ನಾವಿಬ್ಬರೂ ಆ ತಗ್ಗಿನ ಅಂಚಿನಲ್ಲಿ ಕೈ ತೊಳೆದೆವು.

"ನಿನಗೆ ಯಾವಾಗ ತಿಳಿಯಿತು?" ಎಂದು ಕೇಳಿದೆ.

"ಮ್ಯಾಲ ಬಂದ ಕೂಡ್ಲೆ ಅಕ್ಕಾ. ಪಡಸಾಲ್ಯಾಗಿನ ಫೋಟೋದಾಗ ದಿನಾ ನೋಡತೇನಿ. ಅಪ್ಪ ಲಿಂಗಾನ ಬಟ್ಟಿಯಾಗ ಕಟ್ಟತಿದ್ದ. ಕರಡಿಗಿ ಇರಲೇ ಇಲ್ಲ."

"ಮತ್ತೆ ಅಂದೇ ಏಕೆ ಹೇಳಲಿಲ್ಲ?"

ಅವನು ಕೈಯಲ್ಲಿ ಉಳಿದಿದ್ದ ಮಣ್ಣನ್ನು ನೀರಿಗೆ ಬಿಟ್ಟ.

"ಹೇಳಿದ್ರ ಮತ್ತ ಇಳೀಬೇಕಾಗ್ತಿತ್ತಕ್ಕಾ."